ಬೊರಾಕಾಯ್: ದಿನಕ್ಕೆ 6,405 ಜನ, ಅದಕ್ಕಿಂತ ಹೆಚ್ಚಿಲ್ಲ

ಫಿಲಿಪ್ಪೀನ್ಸ್ ದೇಶದಲ್ಲಿ ಬೊರಾಕಾಯ್ ಅಂತ ಒಂದು ಪುಟ್ಟ ದ್ವೀಪ ಇದೆ. ಉದ್ದ ಸುಮಾರು ಏಳು ಕಿಲೋಮೀಟರ್. ನಡುವೆ ಕಿರಿದಾಗಿರುವ ಕಡೆ ಅಗಲ ಒಂದು ಕಿಲೋಮೀಟರೂ ಇಲ್ಲ. ಈ ದ್ವೀಪಕ್ಕೆ ದಿನಕ್ಕೆ 6,405 ಪ್ರವಾಸಿಗರು ಮಾತ್ರ ಬರಬಹುದು ಅಂತ ಅಲ್ಲಿನ ಸರ್ಕಾರ 2018ರಲ್ಲಿ ಮಿತಿ ಹಾಕಿತು. ಆರೂವರೆ ಸಾವಿರ ಅಂತ ರೌಂಡ್ ಮಾಡಬಹುದಿತ್ತು, ಮಾಡಲಿಲ್ಲ. ನಮ್ಮ ಇಂಟರ್ನಲ್ಸ್‌ನಲ್ಲಿ ಯಾರಾದ್ರೂ ಇಷ್ಟು ನಿಖರವಾದ ಉತ್ತರ ಬರೆದ್ರೆ ಮೇಷ್ಟ್ರು ಮೊದಲು ಕೇಳೋದು ಒಂದೇ: "ಸ್ಟೆಪ್ಸ್ ಎಲ್ಲಪ್ಪಾ?"

ಈ ಲೇಖನದಲ್ಲಿ ಆ ಸ್ಟೆಪ್ಸ್ ಹುಡುಕೋಣ. ಬೆನ್ನಿಗೊಂದು ಬ್ಯಾಗು ಹಾಕ್ಕೊಂಡು ಕಡಿಮೆ ದುಡ್ಡಲ್ಲಿ ಊರು ಸುತ್ತೋ ಹುಚ್ಚು ನಮ್ಮಲ್ಲಿ ಬಹಳ ಜನಕ್ಕಿದೆ. ಚೆಂದದ ಜಾಗ ಅಂತ ಹೋಗ್ತೀವಿ, ಅಲ್ಲಿ ನೋಡಿದ್ರೆ ಜನಜಾತ್ರೆ. "ಛೇ, ಎಷ್ಟು ರಷ್ಷು" ಅಂತ ಬೈತೀವಿ, ಆ ರಷ್ಷಲ್ಲಿ ನಾವೂ ಒಬ್ಬರು. ಹಾಗಾದ್ರೆ ಒಂದು ಜಾಗ ಎಷ್ಟು ಜನರನ್ನ ತಡ್ಕೊಳ್ಳತ್ತೆ? ಈ ಪ್ರಶ್ನೆಗೆ ಬೊರಾಕಾಯ್‌ಗಿಂತ ಒಳ್ಳೆ ಕೇಸ್ ಸ್ಟಡಿ ಸಿಗೋದು ಕಷ್ಟ.

ಹೋಗೋ ದಾರಿ

ಮನಿಲಾದಿಂದ ಕಾಟಿಕ್ಲಾನ್‌ಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಟಿಕೆಟ್ ದುಬಾರಿ ಅನ್ನಿಸಿದ್ರೆ ಕಾಲಿಬೋ ಅನ್ನೋ ಊರಲ್ಲಿ ಇಳಿದು, ವ್ಯಾನ್ ಹಿಡಿದು ಎರಡು ಗಂಟೆ ಬರಬೇಕು. ಕಾಟಿಕ್ಲಾನ್ ಜೆಟ್ಟಿಯಲ್ಲಿ ದೋಣಿ ಟಿಕೆಟ್, ಟರ್ಮಿನಲ್ ಶುಲ್ಕ, ಪರಿಸರ ಶುಲ್ಕ ಅಂತ ಒಂದೊಂದಕ್ಕೆ ಒಂದೊಂದು ಕೌಂಟರ್. ಆಮೇಲೆ ಹತ್ತು ಹದಿನೈದು ನಿಮಿಷದ ದೋಣಿ ಪ್ರಯಾಣ.

ಆ ದೋಣಿ ಹೆಸರು ಬಾಂಗ್ಕಾ. ಸಣಕಲು ಒಡಲು, ಎರಡೂ ಕಡೆ ರೆಕ್ಕೆ ಚಾಚಿದ ಹಾಗೆ ಬಿದಿರಿನ ತೋಳು. ದೋಣಿ ಒಂದು ಕಡೆ ವಾಲಿದ್ರೆ ಆ ಕಡೆಯ ತೋಳು ನೀರಿಗೆ ಒತ್ತಿ ವಾಪಸ್ ಎತ್ತತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮೆಟಾಸೆಂಟರ್ ಅಂತ ಓದಿ ಮರೆತಿರ್ತೀವಲ್ಲ, ಅದು ಇಲ್ಲಿ ಕಣ್ಣೆದುರಿಗೇ ಇದೆ.

ಇಳಿದ ಮೇಲೆ ವಿದ್ಯುತ್ ಚಾಲಿತ ಮೂರು ಚಕ್ರದ ಗಾಡಿ. ಡ್ರೈವರನ್ನ "ಕುಯಾ" ಅಂತ ಕರೀಬೇಕು, ಅಂದ್ರೆ ಅಣ್ಣ. ಅಂಗಡಿಯಲ್ಲಿರೋ ಹೆಂಗಸರನ್ನ "ಆತೆ", ಅಂದ್ರೆ ಅಕ್ಕ. ನಮ್ಮ ಆಟೋಗೆ "ಅಣ್ಣಾ, ಬರ್ತೀರಾ" ಅನ್ನೋ ಅಭ್ಯಾಸ ಇರೋರಿಗೆ ಇದು ಸಲೀಸು.

ವೈಟ್ ಬೀಚ್ ಅನ್ನೋದು ಪಶ್ಚಿಮ ದಡ, ಸುಮಾರು ನಾಲ್ಕು ಕಿಲೋಮೀಟರ್ ಉದ್ದ. ಸ್ಟೇಷನ್ 1, 2, 3 ಅಂತ ಭಾಗ ಮಾಡಿದ್ದಾರೆ. ಒಂದರಲ್ಲಿ ದೊಡ್ಡ ರೆಸಾರ್ಟುಗಳು, ಎರಡರಲ್ಲಿ ಅಂಗಡಿ-ಮುಂಗಟ್ಟು, ಮೂರರಲ್ಲಿ ನಮ್ಮಂಥವರ ಜೇಬಿಗೆ ಒಗ್ಗುವ ಕೋಣೆಗಳು. ಬೆಳಗ್ಗೆ ಆರಕ್ಕೆ ಎದ್ದು ಹೋದ್ರೆ ದಡ ಪೂರ್ತಿ ನಿಮ್ಮದೇ. ಸಂಜೆ ಐದೂವರೆಗೆ ಹೋದ್ರೆ ನೀಲಿ ಹಾಯಿದೋಣಿಗಳ ಮುಂದೆ ಫೋಟೋ ತೆಗೆಸ್ಕೊಳ್ಳೋಕೆ ಕ್ಯೂ. ಸೂರ್ಯ ಮುಳುಗೋದನ್ನ ನೇರವಾಗಿ ನೋಡೋದಕ್ಕಿಂತ ಬೇರೆಯವರ ಮೊಬೈಲ್ ಸ್ಕ್ರೀನಲ್ಲಿ ನೋಡೋದೇ ಜಾಸ್ತಿ.

ಮರಳು ಬೆಳ್ಳಗೆ ಯಾಕೆ, ನೀರು ಶಾಂತ ಯಾಕೆ

ನಮ್ಮ ಕರಾವಳಿಯ ಮರಳಲ್ಲಿ ಹೆಚ್ಚಿನ ಪಾಲು ನದಿಗಳು ಘಟ್ಟದಿಂದ ಹೊತ್ತು ತಂದ ಕಲ್ಲಿನ ಪುಡಿ. ಬೊರಾಕಾಯ್ ಮರಳು ಹಾಗಲ್ಲ. ಅದು ಹವಳ, ಚಿಪ್ಪು ಮತ್ತು ಸುಣ್ಣದ ಕವಚ ಇರೋ ಸಣ್ಣ ಜೀವಿಗಳು ಸವೆದು ಆದ ಪುಡಿ, ಅಂದ್ರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಬೆಳ್ಳಗಿರೋದರಿಂದ ಬಿಸಿಲನ್ನ ವಾಪಸ್ ಕಳಿಸತ್ತೆ, ಮಧ್ಯಾಹ್ನ ಬರಿಗಾಲಲ್ಲಿ ನಡೆದ್ರೂ ಅಷ್ಟು ಸುಡಲ್ಲ. ಇಲ್ಲಿ ಒಂದು ಮಾತು ನೆನಪಿಟ್ಕೊಳ್ಳಿ: ಹವಳ ಸತ್ತರೆ ಈ ಮರಳಿನ ಕಾರ್ಖಾನೆ ನಿಲ್ಲತ್ತೆ. ಅಲೆಗಳನ್ನ ದೂರದಲ್ಲೇ ಒಡೆಯುವ ಗೋಡೆಯೂ ಹೋಗತ್ತೆ.

ಇನ್ನು ಗಾಳಿ. ನಮಗೆ ನೈರುತ್ಯ ಮುಂಗಾರು, ಈಶಾನ್ಯ ಹಿಂಗಾರು ಇದ್ದ ಹಾಗೆ ಅವರಿಗೂ ಎರಡು ಗಾಳಿ. ನೈರುತ್ಯದ್ದು ಹಬಾಗಾತ್, ಈಶಾನ್ಯದ್ದು ಅಮಿಹಾನ್. ಸುಮಾರು ನವೆಂಬರಿನಿಂದ ಮೇ ತನಕ ಅಮಿಹಾನ್ ಪೂರ್ವದ ಕಡೆಯಿಂದ ಬೀಸತ್ತೆ. ಆಗ ಪೂರ್ವ ದಡದ ಬುಲಾಬೊಗ್ ಬೀಚಿನಲ್ಲಿ ಗಾಳಿಪಟ ಕಟ್ಕೊಂಡು ಅಲೆ ಮೇಲೆ ಹಾರೋರ ಸಾಲು. ಪಶ್ಚಿಮದ ವೈಟ್ ಬೀಚು ಗಾಳಿಯ ಮರೆಯಲ್ಲಿರತ್ತೆ, ಸಮುದ್ರ ಕೆರೆ ಥರ ಸುಮ್ಮನಿರತ್ತೆ. ಟೂರಿಸ್ಟ್ ಸೀಸನ್ನೂ ಅದೇ. ಹಬಾಗಾತ್ ಬಂದ ಮೇಲೆ ಎಲ್ಲ ಉಲ್ಟಾ. ದೋಣಿಗಳು ಹತ್ತುವ ಇಳಿಯುವ ಜೆಟ್ಟಿಗಳನ್ನೇ ಬದಲಾಯಿಸೋ ದಿನಗಳೂ ಇರತ್ತೆ.

ಆ ಶಾಂತಿಗೆ ಒಂದು ಬೆಲೆ ಇದೆ. ಅಲೆ ಇಲ್ಲದ ಕಡೆ ನೀರು ಬೇಗ ಬೆರೆಯಲ್ಲ, ದಡದ ಹತ್ತಿರ ಏನು ಸೇರಿತೋ ಅದು ಅಲ್ಲೇ ಉಳಿಯತ್ತೆ. ಜನ ಅತಿ ಹೆಚ್ಚು ಇರೋ ತಿಂಗಳು, ಬಿಸಿಲು ಅತಿ ಹೆಚ್ಚು ಇರೋ ತಿಂಗಳು, ನೀರು ಅತಿ ಕಡಿಮೆ ಕದಡುವ ತಿಂಗಳು, ಮೂರೂ ಒಂದೇ ಸಲ ಬರತ್ತೆ. ಮೊದಲೇ ಗ್ರಹಚಾರ ನೆಟ್ಟಗಿಲ್ಲ.

ತುಂಬಿದ್ದು ಹೇಗೆ

ಈ ದ್ವೀಪದ ಮೂಲ ನಿವಾಸಿಗಳು ಆತಿ ಅನ್ನೋ ಬುಡಕಟ್ಟಿನವರು. 1970ರ ದಶಕದಲ್ಲಿ ಬ್ಯಾಕ್‌ಪ್ಯಾಕರ್‌ಗಳು ಬರೋಕೆ ಶುರು ಮಾಡಿದಾಗ ಇದ್ದದ್ದು ತೆಂಗಿನ ತೋಟ, ಮೀನುಗಾರರ ಮನೆ, ಗರಿ ಹೊದಿಸಿದ ಗುಡಿಸಲು. 1978ರಲ್ಲಿ ಸರ್ಕಾರ ಇದನ್ನ ಪ್ರವಾಸಿ ವಲಯ ಅಂತ ಘೋಷಿಸಿತು. ಅಲ್ಲಿಂದಾಚೆ ಕಥೆ ಎಲ್ಲ ಕಡೆಯದ್ದೇ: ಮೊದಲು ಬ್ಯಾಗು ಹೊತ್ತವರು, ಅವರ ಹಿಂದೆ ಕರೆಂಟು, ಅದರ ಹಿಂದೆ ಕಾಂಕ್ರೀಟು, ಆಮೇಲೆ ಬಹುಮಹಡಿ ಹೋಟೆಲು. 2017ರಲ್ಲಿ ಬಂದವರು 20 ಲಕ್ಷ. ಈ ನಡುವೆ ಆತಿ ಜನರಿಗೆ 2011ರಲ್ಲಿ ಪೂರ್ವಜರ ಭೂಮಿ ಅಂತ ಪತ್ರ ಸಿಕ್ಕಿದ್ದು ಎಷ್ಟಕ್ಕೆ ಗೊತ್ತಾ? 2.1 ಹೆಕ್ಟೇರಿಗೆ. ಸಾವಿರ ಹೆಕ್ಟೇರಿನ ದ್ವೀಪದಲ್ಲಿ ಐದು ಎಕರೆ ಚಿಲ್ಲರೆ.

ಗುಡಿಸಲಿನ ಕಾಲದಲ್ಲಿ ಶೌಚಗುಂಡಿ ಸಾಕಿತ್ತು. ಮರಳು ಸೋಸತ್ತೆ, ಸಮುದ್ರ ಕರಗಿಸತ್ತೆ ಅನ್ನೋ ಲೆಕ್ಕ. ಹತ್ತು ಮನೆಗೆ ಸರಿ ಇದ್ದ ಲೆಕ್ಕವನ್ನ ಸಾವಿರಾರು ಹೋಟೆಲ್ ಕೋಣೆಗೂ ಹಾಕಿದ್ದು ಎಡವಟ್ಟು. ಸೆಪ್ಟಿಕ್ ಟ್ಯಾಂಕ್ ಗಟ್ಟಿ ಪದಾರ್ಥವನ್ನ ಹಿಡಿದಿಡತ್ತೆ ನಿಜ, ಆದ್ರೆ ನೀರಲ್ಲಿ ಕರಗಿರೋ ಸಾರಜನಕ, ರಂಜಕ ಹೊರಗೆ ಹೋಗೇ ಹೋಗತ್ತೆ. ನೆಲ ಸುಣ್ಣಕಲ್ಲು ಮತ್ತು ಮರಳು. ಜಲ್ಲಡಿಗೆ ನೀರು ಹೊಯ್ದ ಹಾಗೆ. ಹವಳ ಬೆಳೆಯುವ ನೀರಲ್ಲಿ ಪೋಷಕಾಂಶ ಬಹಳ ಕಡಿಮೆ ಇರಬೇಕು. ಅಲ್ಲಿಗೆ ಗೊಬ್ಬರ ಹಾಕಿದ್ರೆ ಪಾಚಿ ಖುಷಿಯಾಗಿ ಬೆಳೆದು ಹವಳದ ಮೇಲೆ ಹಬ್ಬತ್ತೆ, ಬೆಳಕು ತಡೆಯತ್ತೆ. ಬೇಸಿಗೆಯಲ್ಲಿ ವೈಟ್ ಬೀಚಿನ ಅಂಚಿಗೆ ಹಸಿರು ಪಾಚಿ ಬಂದು ಬೀಳೋದು ಮಾಮೂಲಾಯ್ತು.

2018ರ ಸರ್ಕಾರಿ ಘೋಷಣೆಯಲ್ಲಿ ಕೊಟ್ಟ ಅಂಕಿಗಳನ್ನ ನೋಡಿ. 1988ರಿಂದ 2011ರೊಳಗೆ ಹವಳದ ಹೊದಿಕೆ ಸುಮಾರು 70.5% ಕಡಿಮೆಯಾಗಿತ್ತು. ಒಂಬತ್ತು ಜೌಗುಪ್ರದೇಶಗಳಲ್ಲಿ ನಾಲ್ಕು ಮಾತ್ರ ಉಳಿದಿದ್ದವು, ಉಳಿದ ಕಡೆ ಕಟ್ಟಡ ಎದ್ದಿತ್ತು. ದಿನಕ್ಕೆ ಹುಟ್ಟೋ ಕಸ 90ರಿಂದ 115 ಟನ್, ಹೊರಗೆ ಸಾಗಿಸೋ ಸಾಮರ್ಥ್ಯ 30 ಟನ್. ಮೊದಲನೇ ಸೆಮಿಸ್ಟರಿನ ಮಾಸ್ ಬ್ಯಾಲೆನ್ಸ್: ಒಳಗೆ ಬಂದದ್ದು, ಹೊರಗೆ ಹೋದದ್ದು, ಮಿಕ್ಕಿದ್ದು ಶೇಖರಣೆ. ದಿನಾ 60ರಿಂದ 85 ಟನ್ ದ್ವೀಪದಲ್ಲೇ ಉಳೀತಿತ್ತು.

18,000 ಮತ್ತು 100

ಇನ್ನೊಂದು ಅಂಕಿ ಇದೆ, ಅದನ್ನ ಬಿಡಿಸಿ ನೋಡಬೇಕು. 2018ರ ಮಾರ್ಚ್ 6ರಿಂದ 10ರವರೆಗೆ ದಿನಾ ಪರೀಕ್ಷೆ ಮಾಡಿದಾಗ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸರಾಸರಿ 100 ಮಿಲಿಲೀಟರಿಗೆ 18,000 ಎಂಪಿಎನ್ ಬಂತು. ಇರಬೇಕಾದ ಮಿತಿ 100. ಎಂಪಿಎನ್ ಅಂದ್ರೆ ಮೋಸ್ಟ್ ಪ್ರಾಬಬಲ್ ನಂಬರ್. ಬ್ಯಾಕ್ಟೀರಿಯಾವನ್ನ ಒಂದೊಂದಾಗಿ ಎಣಿಸೋದಿಲ್ಲ. ನೀರನ್ನ ಹಂತ ಹಂತವಾಗಿ ತೆಳು ಮಾಡಿ ಹಲವು ಟ್ಯೂಬಿಗೆ ಹಾಕಿ, ಎಷ್ಟು ಟ್ಯೂಬಲ್ಲಿ ಬೆಳೀತು ಅನ್ನೋದರ ಮೇಲೆ ಸಂಭವನೀಯತೆಯಿಂದ ಅಂದಾಜು ಮಾಡೋ ಸಂಖ್ಯೆ ಅದು.

18,000 ಇದ್ದದ್ದು 100ಕ್ಕೆ ಬರಬೇಕು ಅಂದ್ರೆ 180 ಪಟ್ಟು ಇಳಿಸಬೇಕು. ನಮಗೆಲ್ಲ 99% ಅಂದ್ರೆ ಡಿಸ್ಟಿಂಕ್ಷನ್. ಇಲ್ಲಿ 99% ತೆಗೆದ್ರೂ 180 ಉಳಿಯತ್ತೆ, ಫೇಲು. ಅದಕ್ಕೇ ಎನ್ವಿರಾನ್ಮೆಂಟಲ್ ಇಂಜಿನಿಯರಿಂಗಲ್ಲಿ ಶೇಕಡಾ ಬಿಟ್ಟು ಲಾಗ್ ಲೆಕ್ಕದಲ್ಲಿ ಮಾತಾಡ್ತಾರೆ. 180ರ ಲಾಗ್ ಸುಮಾರು 2.26. ಅಂದ್ರೆ ಎರಡು ಲಾಗಿಗಿಂತ ಸ್ವಲ್ಪ ಹೆಚ್ಚು ಕಡಿತ ಬೇಕು. ಕೊಳಚೆಯನ್ನ ಬರೀ ತೆಳು ಮಾಡಿ ಸಮುದ್ರಕ್ಕೆ ಬಿಟ್ರೆ ಇದು ಆಗಲ್ಲ. ಒಳಚರಂಡಿ ಜಾಲ ಬೇಕು, ಸಂಸ್ಕರಣಾ ಘಟಕ ಬೇಕು, ಕೊನೆಗೆ ಸೋಂಕು ನಿವಾರಣೆಯೂ ಬೇಕು. ಕಡಲಂಚಿನ 51 ಉದ್ಯಮಗಳಲ್ಲಿ 14 ಮಾತ್ರ ಅಲ್ಲಿನ ಜಲ ಕಾಯ್ದೆಯನ್ನ ಪಾಲಿಸ್ತಿದ್ದವು ಅಂತ ಅದೇ ಘೋಷಣೆ ಹೇಳತ್ತೆ.

ಆರು ತಿಂಗಳು ಬಾಗಿಲು ಬಂದ್

2018ರ ಫೆಬ್ರವರಿಯಲ್ಲಿ ಆಗಿನ ಅಧ್ಯಕ್ಷ ರೊಡ್ರಿಗೊ ಡುಟರ್ಟೆ ಬೊರಾಕಾಯನ್ನ ಕೊಳಚೆ ಗುಂಡಿ ಅಂತ ಕರೆದರು. ಏಪ್ರಿಲ್ 26ಕ್ಕೆ ದ್ವೀಪ ಪ್ರವಾಸಿಗರಿಗೆ ಪೂರ್ತಿ ಬಂದ್. ರಸ್ತೆ ಅಗೆದು ಅಗಲ ಮಾಡಿದ್ರು, ಕಳ್ಳ ಕೊಳವೆಗಳನ್ನ ಕಿತ್ತರು, ದಡದಿಂದ ಬಿಡಬೇಕಾದ ಜಾಗದಲ್ಲಿ ಕಟ್ಟಿದ್ದನ್ನ ಒಡೆದರು. 50 ಅಥವಾ ಹೆಚ್ಚು ಕೋಣೆ ಇರೋ ಹೋಟೆಲ್ ಸ್ವಂತ ಸಂಸ್ಕರಣಾ ಘಟಕ ಹಾಕಬೇಕು ಅಂತ ನಿಯಮ ಬಂತು. ಅಕ್ಟೋಬರ್ 26ಕ್ಕೆ ಮತ್ತೆ ಬಾಗಿಲು ತೆಗೆದರು.

ಓದೋಕೆ ಸರಳ. ಆದ್ರೆ ಆ ಆರು ತಿಂಗಳು ಹತ್ತಾರು ಸಾವಿರ ಜನರ ದುಡಿಮೆ ನಿಂತಿತ್ತು. ದಡದಲ್ಲಿ ಮರಳಿನ ಕೋಟೆ ಕಟ್ಟಿ ಪ್ರವಾಸಿಗರಿಂದ ನಾಲ್ಕು ಕಾಸು ಪಡೀತಿದ್ದ ಒಬ್ಬ, ಪ್ರವಾಸಿಗರಿಗೆ ಗಾಡಿ ಓಡಿಸ್ತಿದ್ದ ಇನ್ನೊಬ್ಬ, ಇವರ ಜೊತೆ ದ್ವೀಪಕ್ಕೆ ಹೋಗಿ ಬರ್ತಿದ್ದ ಮತ್ತೊಬ್ಬ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. ಓಡಾಡುವ ಹಕ್ಕು, ದುಡಿಯುವ ಹಕ್ಕು ಎರಡೂ ಹೋಯ್ತು ಅನ್ನೋದು ಅವರ ವಾದ. 2019ರ ಫೆಬ್ರವರಿಯಲ್ಲಿ ಕೋರ್ಟು ಬಹುಮತದಿಂದ ಅರ್ಜಿ ವಜಾ ಮಾಡಿತು. ಮುಂದೆ ಬರೋ ಪ್ರವಾಸಿಗರಿಂದ ಸಿಗಬಹುದಾದ ಸಂಪಾದನೆ ಈಗಲೇ ನಿಮ್ಮದಾದ ಹಕ್ಕಲ್ಲ ಅಂತ ಹೇಳಿತು.

ಕಾನೂನಿನ ಪ್ರಕಾರ ಸರಿ ಇರಬಹುದು. ಆದರೆ ಕೊಳವೆ ಹಾಕದೇ ದುಡ್ಡು ಮಾಡಿದವರು ಯಾರು, ಕೊಳವೆ ಹಾಕೋವರೆಗೂ ಉಪವಾಸ ಕೂತವರು ಯಾರು ಅಂತ ಕೇಳಿ ನೋಡಿ. ಎರಡೂ ಪಟ್ಟಿಯಲ್ಲಿ ಒಂದೇ ಹೆಸರು ಸಿಗೋದು ಕಷ್ಟ. ದೊಡ್ಡ ಹೋಟೆಲಿಗೆ ಆರು ತಿಂಗಳು ಅಂದ್ರೆ ಒಂದು ನಷ್ಟದ ವರ್ಷ. ಮರಳಿನ ಕೋಟೆ ಕಟ್ಟೋನಿಗೆ ಅದು ಮನೆ ಬಾಡಿಗೆ, ಅಕ್ಕಿ, ಮಕ್ಕಳ ಫೀಸು. ಇಂಜಿನಿಯರಿಂಗ್ ಕೆಲಸವನ್ನ ಮುಂದೂಡಿದ್ರೆ ಅದರ ಬಡ್ಡಿ ಕಟ್ಟೋರು ಬಹಳ ಸಲ ಬೇರೆಯವರೇ ಆಗಿರ್ತಾರೆ.

ಈಗ ಸ್ಟೆಪ್ಸ್

ಲಾಸ್ ಬಾನ್ಯೋಸ್‌ನಲ್ಲಿರೋ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದವರು ಮತ್ತು ಪರಿಸರ ಇಲಾಖೆಯ ಸಂಶೋಧನಾ ವಿಭಾಗದವರು ದ್ವೀಪದ ಧಾರಣ ಸಾಮರ್ಥ್ಯ ಲೆಕ್ಕ ಹಾಕಿದರು. ಯಾವುದೇ ಕ್ಷಣದಲ್ಲಿ ಒಟ್ಟು 54,945 ಜನ ಇರಬಹುದು. ಅದರಲ್ಲಿ ಪ್ರವಾಸಿಗರು 19,215, ನಿವಾಸಿಗಳು ಮತ್ತು ಕೆಲಸಗಾರರು 35,730.

ಹಾಗಾದ್ರೆ 6,405 ಎಲ್ಲಿಂದ ಬಂತು? ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸಣ್ಣ ಸೂತ್ರ ಇದೆ. ಆಪರೇಷನ್ಸ್ ರಿಸರ್ಚ್ ತಗೊಂಡೋರಿಗೆ ಗೊತ್ತು: ಒಳಗೆ ಇರೋರ ಸಂಖ್ಯೆ = ಬರುವ ದರ × ಒಳಗೆ ಇರುವ ಸರಾಸರಿ ಸಮಯ. ಕ್ಯಾಂಟೀನಿಗೆ ನಿಮಿಷಕ್ಕೆ ಐದು ಜನ ಬಂದು, ಒಬ್ಬೊಬ್ಬರೂ ಇಪ್ಪತ್ತು ನಿಮಿಷ ಕೂತ್ರೆ ಯಾವಾಗ ನೋಡಿದ್ರೂ ಸುಮಾರು ನೂರು ಜನ ಇರ್ತಾರೆ. ಬೊರಾಕಾಯಲ್ಲಿ ಪ್ರವಾಸಿ ಸರಾಸರಿ ಮೂರು ದಿನ ಇರ್ತಾನೆ ಅಂತ ಹಿಡಿದ್ರೆ 19,215ನ್ನ 3ರಿಂದ ಭಾಗಿಸಿ. ಬರೋದು ಸರಿಯಾಗಿ 6,405. ಇಷ್ಟೇ ಗುಟ್ಟು.

ಸೂತ್ರ ಕೈಗೆ ಬಂದ ಮೇಲೆ ಆಟ ಆಡಬಹುದು. ಎಲ್ಲರೂ ಮೂರರ ಬದಲು ನಾಲ್ಕು ದಿನ ಇದ್ರೆ ದಿನಕ್ಕೆ 4,803 ಜನರನ್ನ ಮಾತ್ರ ಬಿಡಬಹುದು. ನಿಧಾನವಾಗಿ ಊರು ನೋಡ್ತೀನಿ ಅಂತ ಹನ್ನೆರಡು ದಿನ ಕೂರೋ ಬ್ಯಾಕ್‌ಪ್ಯಾಕರು ನಾಲ್ಕು ಜನರ ಜಾಗ ಹಿಡಿದ ಹಾಗೆ. ಹಾಗಂತ ಅವನೇ ದೊಡ್ಡ ಹೊರೆ ಅಂತಲ್ಲ. ಎಂಟು ಜನರ ಕೋಣೆಯಲ್ಲಿ ಮಲಗಿ ಒಂದು ಬಕೆಟ್ ನೀರಲ್ಲಿ ಮುಗಿಸೋನಿಗೂ, ಈಜುಕೊಳ ಇರೋ ಕೋಣೆಯವನಿಗೂ ತಲೆ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ, ಲೀಟರ್ ಲೆಕ್ಕದಲ್ಲಿ ಬೇಕಾದಷ್ಟಿದೆ. ಕೊಳವೆಗೆ ತಲೆ ಕಾಣಲ್ಲ, ಲೀಟರ್ ಮಾತ್ರ ಕಾಣೋದು.

ಇನ್ನೂ ಒಂದು ಲೆಕ್ಕ ಮಾಡಿ. 2017ರ 20 ಲಕ್ಷವನ್ನ 365ರಿಂದ ಭಾಗಿಸಿದ್ರೆ ದಿನಕ್ಕೆ ಸುಮಾರು 5,480. ಇದು 6,405ಕ್ಕಿಂತ ಕಡಿಮೆ! ಮಿತಿಯನ್ನ ವರ್ಷಕ್ಕೆ ಗುಣಿಸಿದ್ರೆ 23 ಲಕ್ಷದ ಮೇಲೆ ಬರತ್ತೆ. ಅಂದ್ರೆ ದ್ವೀಪ ಕೆಟ್ಟುಹೋದ ವರ್ಷವೂ ಸರಾಸರಿಯಲ್ಲಿ ಮಿತಿಯ ಒಳಗೇ ಇತ್ತು. ಹಾಗಿದ್ರೆ ಎಡವಿದ್ದೆಲ್ಲಿ?

ಒಂದು, ಜನ ಸರಾಸರಿಯಾಗಿ ಬರಲ್ಲ. ಈಸ್ಟರ್ ಮುಂಚಿನ ಪವಿತ್ರ ವಾರ, ಚೀನೀ ಹೊಸ ವರ್ಷ, ಬೇಸಿಗೆ ರಜೆ, ಆಗ ಒಟ್ಟಿಗೆ ನುಗ್ಗುತ್ತಾರೆ. ಸರಾಸರಿಯಲ್ಲೇ 85% ತುಂಬಿರೋ ವ್ಯವಸ್ಥೆಗೆ ಹಬ್ಬದ ದಿನ ತಾಳೋಕೆ ಉಸಿರು ಉಳಿದಿರಲ್ಲ. ಎರಡು, ಪ್ರವಾಸಿಗರನ್ನ ನೋಡಿಕೊಳ್ಳೋಕೆ ಬಂದು ನೆಲೆಸಿದವರನ್ನ ಯಾರೂ ಎಣಿಸಿರಲಿಲ್ಲ. ಆಗ ದ್ವೀಪದಲ್ಲಿದ್ದ ಒಟ್ಟು ಜನ 70,000ಕ್ಕೂ ಹೆಚ್ಚು, ಮಿತಿ 54,945. ಹೆಚ್ಚುವರಿಯಲ್ಲಿ ದೊಡ್ಡ ಪಾಲು ಕೆಲಸಗಾರರದ್ದು. ಮೂರು, ಕೊಳಚೆ ಹೋಗೋಕೆ ಸಾಕಷ್ಟು ದಾರಿ ಇರಲಿಲ್ಲ.

ಧಾರಣ ಸಾಮರ್ಥ್ಯ ಅನ್ನೋದು ಗುರುತ್ವ ವೇಗೋತ್ಕರ್ಷದ ಥರ ನಿಸರ್ಗ ಕೊಟ್ಟ ಸ್ಥಿರಾಂಕ ಅಲ್ಲ. ನೀರಿನ ಸರಬರಾಜು, ಚರಂಡಿ, ಕಸ, ದಡದ ಜಾಗ, ಹವಳ, ಒಂದೊಂದಕ್ಕೂ ಒಂದೊಂದು ಮಿತಿ. ಇವುಗಳಲ್ಲಿ ಯಾವುದು ಅತಿ ಚಿಕ್ಕದೋ ಅದೇ ದ್ವೀಪದ ಮಿತಿ. ಕೆಲವನ್ನ ನಾವು ದೊಡ್ಡದು ಮಾಡಬಹುದು. ಬೊರಾಕಾಯ್‌ಗೆ ಕುಡಿಯೋ ನೀರು ಎದುರಿನ ದೊಡ್ಡ ದ್ವೀಪದ ನಬಾವೊಯ್ ನದಿಯಿಂದ ಸಮುದ್ರದಡಿಯ ಕೊಳವೆಯಲ್ಲಿ ಬರತ್ತೆ, ಅಂದ್ರೆ ಆ ಮಿತಿಯನ್ನ ಆಗಲೇ ಹಿಗ್ಗಿಸಿದ್ದಾರೆ. ಆದ್ರೆ ಒಳಗೆ ಬರೋ ಕೊಳವೆಯನ್ನ ಹಿಗ್ಗಿಸಿ ಹೊರಗೆ ಹೋಗೋ ಕೊಳವೆಯನ್ನ ಮರೆತ್ರೆ ಏನಾಗತ್ತೆ ಅಂತ ಮೇಲೆ ನೋಡಿದ್ವಿ. ಇನ್ನು ಹವಳದ ಮಿತಿಯನ್ನ ಯಾವ ಟೆಂಡರು ಕರೆದ್ರೂ ಹಿಗ್ಗಿಸೋಕೆ ಆಗಲ್ಲ.

ಮಿತಿ ಬರೆಯೋದು, ಮಿತಿ ಪಾಲಿಸೋದು

2022ರ ಏಪ್ರಿಲ್, ಕೋವಿಡ್ ನಂತರದ ಪವಿತ್ರ ವಾರ. ಎರಡು ದಿನ ಪ್ರವಾಸಿಗರ ಸಂಖ್ಯೆ 21,000 ದಾಟಿತು, 19,215ರ ಗೆರೆ ಅಳಿಸಿಹೋಯ್ತು. ಗೇಟಲ್ಲಿ ಎಣಿಸೋ ಸಂಖ್ಯೆ ಮತ್ತು ಹೋಟೆಲುಗಳು ಬುಕ್ ಮಾಡೋ ಸಂಖ್ಯೆ ಒಂದೇ ಲೆಡ್ಜರಿಗೆ ಬರದೇ ಇದ್ರೆ ಹೀಗೇ ಆಗೋದು.

ಇದು ನಮಗೂ ಹೊಸದಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಇರುವೆ ಸಾಲಿನ ಹಾಗೆ ಜನ ನಿಂತಿದ್ದ ವಿಡಿಯೋ ನೀವೂ ಫಾರ್ವರ್ಡ್ ಮಾಡಿರ್ತೀರಿ. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ಮಾರ್ಗಕ್ಕೆ ದಿನಕ್ಕೆ 300 ಜನ ಅಂತ ಮಿತಿ ಹಾಕಿತು. "ಸ್ಲಾಟ್ ಸಿಗಲ್ಲ ಗುರೂ" ಅಂತ ಗೊಣಗುವಾಗ ಲಿಟಲ್ ಸೂತ್ರ ಒಮ್ಮೆ ನೆನಪಿಸ್ಕೊಳ್ಳಿ. ಬೇಕಾದ್ರೆ ಫೈನಲ್ ಇಯರ್ ಪ್ರಾಜೆಕ್ಟಿಗೂ ಇದು ಒಳ್ಳೆ ವಿಷಯ. ಆ 300ರ ಹಿಂದೆ ಯಾವ ಮಿತಿ ಅತಿ ಚಿಕ್ಕದು? ದಾರಿಯ ಅಗಲವಾ, ನೀರಾ, ಮಣ್ಣಿನ ಸವಕಳಿಯಾ?

ಹೋಗೋರಿಗೆ ನಾಲ್ಕು ಮಾತು

2025ರ ಜೂನಿನಿಂದ ಭಾರತೀಯರಿಗೆ ಫಿಲಿಪ್ಪೀನ್ಸ್‌ನಲ್ಲಿ 14 ದಿನದ ಪ್ರವಾಸಕ್ಕೆ ವೀಸಾ ಬೇಕಿಲ್ಲ. ನಿಯಮ ಬದಲಾಗ್ತಾ ಇರತ್ತೆ, ಟಿಕೆಟ್ ಮಾಡಿಸೋ ಮುಂಚೆ ನೋಡ್ಕೊಳ್ಳಿ.

ಪವಿತ್ರ ವಾರ ಮತ್ತು ಚೀನೀ ಹೊಸ ವರ್ಷ ಬಿಟ್ಟು ಹೋಗಿ. ನಿಮಗೂ ಅಗ್ಗ, ಕೊಳವೆಗೂ ಹಗುರ. ಬೀಚಲ್ಲಿ ಸಿಗರೇಟು, ಮದ್ಯ ನಿಷಿದ್ಧ. ಮರಳನ್ನ ಬಾಟಲಿಗೆ ತುಂಬಿಕೊಂಡು ಬರೋದೂ ನಿಷಿದ್ಧ, ಅದು ಹೇಗೆ ತಯಾರಾಗತ್ತೆ ಅಂತ ಈಗ ಗೊತ್ತಲ್ಲ. ಸಸ್ಯಾಹಾರಿಗಳು "ವಲಾಂಗ್ ಕಾರ್ನೆ" ಅನ್ನೋದನ್ನ ಬಾಯಿಪಾಠ ಮಾಡ್ಕೊಳ್ಳಿ, ಮಾಂಸ ಬೇಡ ಅಂತ ಅರ್ಥ. ಆದ್ರೂ ಮೀನು ಬರಬಹುದು, ಅದನ್ನ ಬೇರೆಯಾಗಿ ಹೇಳಬೇಕು. ಮಾವಿನ ಹಣ್ಣಿನ ಶೇಕ್ ಇರೋವರೆಗೂ ಹಸಿವಿಂದ ಸಾಯಲ್ಲ ಬಿಡಿ.

ಕೋಣೆ ಬುಕ್ ಮಾಡುವಾಗ ವೈಫೈ ಇದೆಯಾ, ಎಸಿ ಇದೆಯಾ ಅಂತ ಕೇಳ್ತೀವಿ. ಜೊತೆಗೆ ಇನ್ನೊಂದು ಕೇಳಿ: ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗತ್ತೆ? ಒಬ್ಬ ಕೇಳಿದ್ರೆ ನಗ್ತಾರೆ. ದಿನಕ್ಕೆ 6,405 ಜನ ಕೇಳಿದ್ರೆ ಉತ್ತರ ರೆಡಿ ಇಟ್ಕೋತಾರೆ.